ಅಜ್ಜಿಯ ಮುಖಕ್ಕೆ ಬಿದ್ದ ತೂತು

ಹೋದ ವಾರ ಸಿಂದಗಿಯಿಂದ ಬಾಗೇವಾಡಿಗೆ ಹೊರಟ ಬಸ್ಸಿನಲ್ಲಿ ಟಿಕೆಟ್ ಮಷೀನು ಕೆಟ್ಟಿತ್ತು. ಕಂಡಕ್ಟರ್ ಗೊಣಗುತ್ತಾ ಚೀಲದ ತಳದಿಂದ ಹಳೆಯ ಟಿಕೆಟ್ ಕಟ್ಟನ್ನೂ ಅದಕ್ಕೆ ತೂತು ಹಾಕುವ ಕಬ್ಬಿಣದ ಪಂಚನ್ನೂ ತೆಗೆದ. ಕಟಕ್! ಎಷ್ಟೋ ವರ್ಷಗಳ ಮೇಲೆ ಆ ಸದ್ದು ಕೇಳಿ ನನಗರಿವಿಲ್ಲದೇ ಹಲ್ಲು ಕಚ್ಚಿದೆ. ಪಕ್ಕದಲ್ಲಿ ಕುಳಿತಾಕೆ, "ಯಾಕ್ರೀ ಅಕ್ಕಾರ, ಹಲ್ಲು ನೋಯಾಕತ್ತಾವೇನ್ರಿ?" ಎಂದಳು. ಇಲ್ಲವೆಂದೆ. ನನ್ನ ತೊಡೆಯ ಮೇಲಿನ ಲಕೋಟೆಯಲ್ಲಿ ಅಂಥದೇ ಪಂಚು ಹಿಡಿದ ಮನುಷ್ಯನ ಫೋಟೋ ಇತ್ತು. ಅವರು ನನ್ನ ಗುರುಗಳು. ಈಚೆಗೆ ತೀರಿಕೊಂಡಿದ್ದರು. ಸತ್ತವರನ್ನು ಬೈಯಬಾರದು ಎನ್ನುತ್ತಾರೆ. ಬದುಕಿದ್ದಾಗ ಬೈಯುವ ಧೈರ್ಯ ಇರಲಿಲ್ಲವಲ್ಲ, ಮತ್ತೆ ಯಾವಾಗ ಬೈಯಬೇಕು?

ಬಾಗೇವಾಡಿಯ ನಮ್ಮ ಕಾಲೇಜಿನಲ್ಲಿ ಆಗ ಪಿಯುಸಿಗೆ ಫೋಟೋಗ್ರಫಿಯೂ ಒಂದು ವಿಷಯವಾಗಿತ್ತು. ರೀಲಿನ ಕ್ಯಾಮೆರಾ. ಇಡೀ ವರ್ಗಕ್ಕೆ ಎರಡು. ಕಿಟಕಿಗೆ ಕರಿ ಬಟ್ಟೆ ಹೊಡೆದ ಹಳೆಯ ಉಗ್ರಾಣವೇ ಡಾರ್ಕ್‌ರೂಮು. ಓದು ಹತ್ತದವರಿಗೆ ಈ ವಿಷಯ ಎಂದು ಊರವರು ನಗುತ್ತಿದ್ದರು. ನಾನು ಮಾತ್ರ ಹಟ ಮಾಡಿ ತೆಗೆದುಕೊಂಡಿದ್ದೆ, ಒಂದೇ ಒಂದು ಆಸೆಯಿಂದ. ನಮ್ಮ ಅಜ್ಜಿಯ ಫೋಟೋ ಒಂದೂ ಇರಲಿಲ್ಲ. ಅದನ್ನು ನಾನು ತೆಗೆಯಬೇಕಿತ್ತು.

ಗುರುಗಳು ಪಕ್ಕದ ಮಸೂತಿ ಎಂಬ ಹಳ್ಳಿಯಿಂದ ಬರುತ್ತಿದ್ದರು. ಇಸ್ತ್ರಿ ಮಾಡಿದ ಅಂಗಿ, ಮೂಗಿನ ತುದಿಯಲ್ಲಿ ಕೋಪ, ಕಿಸೆಯಲ್ಲಿ ಆ ಪಂಚು. ಎಲ್ಲಿಂದ ತಂದಿದ್ದರೋ! ನಾವು ತೊಳೆದು ಒಣಗಿಸಿದ ನೆಗೆಟಿವ್‌ಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಹಿಡಿಸಿದ್ದಕ್ಕೆ ಏನೂ ಹೇಳುತ್ತಿರಲಿಲ್ಲ. ಹಿಡಿಸದ್ದಕ್ಕೆ ಕಟಕ್ ಎಂದು ನಟ್ಟನಡುವೆ ತೂತು ಹಾಕುತ್ತಿದ್ದರು, ಮತ್ತೆ ಯಾರೂ ಅದನ್ನು ಪ್ರಿಂಟ್ ಹಾಕಬಾರದೆಂದು. "ಕೆಟ್ಟ ಫೋಟೋ ಉಳದ್ರ ಅದನ್ನ ನೋಡಿ ನೋಡಿ ನಿಮ್ಮ ಕಣ್ಣು ಕೆಡ್ತಾವ" ಎನ್ನುವುದು ಅವರ ವೇದಾಂತ. ಮನುಷ್ಯರ ಫೋಟೋ ಅಂದರೆ ಫೋಕಸ್ಸು ಕಣ್ಣಿಗೇ ಬೀಳಬೇಕು. ಬೇರೆ ಮಾತೇ ಇಲ್ಲ.

ಅಜ್ಜಿಯನ್ನು ಒಪ್ಪಿಸಲು ನನಗೆ ಸಾಕುಬೇಕಾಗಿತ್ತು. ಫೋಟೋ ತೆಗೆಸಿಕೊಂಡರೆ ಆಯುಷ್ಯ ಕಡಿಮೆಯಾಗುತ್ತದೆ ಎಂದು ಅವಳ ನಂಬಿಕೆ. ಕಡೆಗೊಂದು ದಿನ, "ತಗಿ ಅತ್ಲಾಗ. ನಾ ಮಾತ್ರ ಕೆಲಸ ಬಿಟ್ಟು ಕೂಡಂಗಿಲ್ಲ ನೋಡು" ಎಂದು ಅಂಗಳದಲ್ಲಿ ಕೌದಿ ಹೊಲಿಯುತ್ತಾ ಕುಳಿತಳು. ಒಂದೇ ಒಂದು ಫೋಟೋ ತೆಗೆದೆ. ರೀಲು ಮೂವರ ನಡುವೆ ಹಂಚಿದ್ದು, ಹೆಚ್ಚಿಗೆ ಸಿಗುವಂತಿರಲಿಲ್ಲ. ಅಪ್ಪ ಅಂದೇ ಪಡಸಾಲೆಯ ಗೋಡೆಗೆ ಮೊಳೆ ಹೊಡೆದು, ಫ್ರೇಮು ಯಾವ ಬಣ್ಣದ್ದಿರಲಿ ಎಂದು ಕೇಳಿದ್ದ...

ಗುರುಗಳು ಆ ನೆಗೆಟಿವ್ ಅನ್ನು ಬೆಳಕಿಗೆ ಹಿಡಿದರು. ಫೋಕಸ್ಸು ಅಜ್ಜಿಯ ಕೈಗೆ ಬಿದ್ದಿತ್ತು. ಮುಖ ಸ್ವಲ್ಪ ಮಸುಕಾಗಿತ್ತು.

"ಇದು ಮುದುಕಿ ಫೋಟೋನೋ, ಸೂಜಿ ಫೋಟೋನೋ?"

ವರ್ಗವೆಲ್ಲ ನಕ್ಕಿತು. "ಸರ್, ನಮ್ಮ ಅಜ್ಜೀದು ಇದೊಂದ ಐತ್ರಿ" ಎಂದೆ.

"ಹಂಗಿದ್ರ ಚಂದಂಗ ತಗೀಬೇಕಿತ್ತು."

ಕಟಕ್. ಸರಿಯಾಗಿ ಮುಖಕ್ಕೆ.

ಹೊಸ ರೀಲು ಹಾಕಿದ ಕ್ಯಾಮೆರಾ ನನ್ನ ಕೈಯಲ್ಲೇ ಇತ್ತು. ಅವರು ತಲೆ ಬಗ್ಗಿಸಿ ಮುಂದಿನ ನೆಗೆಟಿವ್‌ಗೆ ಪಂಚು ಹಾಕುವಾಗ ಸಿಟ್ಟಿನಲ್ಲಿ ಅವರದೇ ಒಂದು ಫೋಟೋ ಹೊಡೆದೆ. ಅದನ್ನು ಒಬ್ಬಳೇ ತೊಳೆದು, ಅಜ್ಜಿಯ ತೂತು ಬಿದ್ದ ನೆಗೆಟಿವ್ ಜೊತೆಗೇ ಅಡಗಿಸಿಟ್ಟೆ.

ಅಜ್ಜಿ ದಿನವೂ ಕೇಳುತ್ತಿದ್ದಳು. "ನನ್ನ ಫೋಟೋ ಬಂತೇನ?" ಬರುತ್ತದೆ ಎನ್ನುತ್ತಿದ್ದೆ. ಇನ್ನೊಮ್ಮೆ ಕೂಡು ಎಂದರೆ, "ಒಮ್ಮೆ ಕುಂತೀನಲ್ಲ, ಸಾಕು" ಎಂದು ಎದ್ದು ಹೋಗುತ್ತಿದ್ದಳು. ಆ ಬೇಸಿಗೆ ಕಳೆಯುವುದರೊಳಗೆ ಹೋಗಿಬಿಟ್ಟಳು. ಮೊಳೆಗೆ ಅಪ್ಪ ಕ್ಯಾಲೆಂಡರ್ ತೂಗುಹಾಕಿದ.

ಈಗ ನಾನು ಸಿಂದಗಿಯಲ್ಲಿ ಸಾಲಿ ಟೀಚರು. ಕ್ಯಾಮೆರಾ ಮುಟ್ಟುವುದಿಲ್ಲ. ಗುರುಗಳು ತೀರಿಕೊಂಡಾಗ ನಮ್ಮ ಹಳೆಯ ವರ್ಗದವರ ವಾಟ್ಸಾಪ್ ಗುಂಪಿನಲ್ಲಿ ಹೊಗಳಿಕೆಯೋ ಹೊಗಳಿಕೆ. ಅವರು ಹೊಡೆದ ತೂತಿನಿಂದಲೇ ತಾವು ಕಲಿತೆವಂತೆ! ಆಮೇಲೆ ಅವರ ಮಗನ ಕೋರಿಕೆ ಬಂತು: ಅಪ್ಪನ ಒಂದು ಫೋಟೋ ಯಾರ ಬಳಿಯಾದರೂ ಇದೆಯೇ? ಜೀವನವೆಲ್ಲ ಕ್ಯಾಮೆರಾದ ಹಿಂದೆ ನಿಂತವರು. ಮನೆಯವರು ಮೊಬೈಲ್ ಎತ್ತಿದರೆ ಮುಖ ತಿರುಗಿಸುತ್ತಿದ್ದರಂತೆ. ಮದುವೆಯ ಫೋಟೋದಲ್ಲಿ ಬಾಸಿಂಗ ಮುಖ ಮುಚ್ಚಿದೆ. ಆಧಾರ್ ಕಾರ್ಡಿನದನ್ನು ದೊಡ್ಡದು ಮಾಡಿಸಿದರೆ ಕಳ್ಳನ ಹಾಗೆ ಕಾಣುತ್ತಾರೆ.

ಗುಂಪಿನ ಶಿಷ್ಯರೆಲ್ಲ ಕೈ ಮುಗಿಯುವ ಚಿತ್ರ ಹಾಕಿ ಸುಮ್ಮನಾದರು. ನನ್ನ ಬಳಿ ಇತ್ತು. ಕೊಡಬಾರದು ಎಂದುಕೊಂಡೆ. ಫೋಟೋ ಇಲ್ಲದ ಮನೆ ಹೇಗಿರುತ್ತದೆ ಅವರಿಗೂ ತಿಳಿಯಲಿ ಎಂದು ಕೆಲವು ದಿನ ಹಾಯಾಗಿಯೂ ಇದ್ದೆ. ಆದರೆ ಮಗನ ಮೂಲಕ ಕೇಳುತ್ತಿದ್ದವಳು ಅವರ ಹೆಂಡತಿ. ಆ ತಾಯಿ ನನಗೇನು ಮಾಡಿದ್ದಳು?

ಸಿಂದಗಿಯ ಸ್ಟುಡಿಯೋಕ್ಕೆ ಎರಡೂ ನೆಗೆಟಿವ್ ಒಯ್ದೆ. ಅಲ್ಲಿಯವರು ಅಜ್ಜಿಯ ಮುಖದ ತೂತನ್ನು ಕಂಪ್ಯೂಟರಿನಲ್ಲಿ ತುಂಬಿಕೊಟ್ಟರು. ಚೆಂದದ ಮುದುಕಿ, ನಗುತ್ತಿದ್ದಳು. ಯಾರ ಮನೆಯವಳೋ. ಬೇಡವೆಂದು ಅಳಿಸಿಸಿದೆ. ಗುರುಗಳದ್ದು ನೋಡಿ, "ಫೋಕಸ್ ಕೈಗೆ ಬಿದ್ದೈತ್ರಿ ಮೇಡಂ, ಮುಖ ಮಸಕ ಐತಿ" ಎಂದರು. ನಾನು ನಕ್ಕುಬಿಟ್ಟೆ. ಹಾಗೇ ಪ್ರಿಂಟ್ ಹಾಕಿಸಿದೆ.

ಬಾಗೇವಾಡಿಯಲ್ಲಿ ಬಸ್ಸಿಳಿದು ಮಸೂತಿಗೆ ಹೋದೆ. ಗುರುಗಳ ಮನೆಯಲ್ಲಿ ಅವರ ಹೆಂಡತಿ ಫೋಟೋವನ್ನು ಬಾಗಿಲಿನ ಬೆಳಕಿಗೆ ಒಯ್ದು ನೋಡಿದರು. "ಮುಖ ಮಸಕ ಆಗೇತ್ರಿ ಅಮ್ಮಾರ" ಎಂದು ನಾನೇ ಮೊದಲು ಹೇಳಿದೆ. ಅವರು ಪಂಚು ಹಿಡಿದ ಹೆಬ್ಬೆರಳಿನ ಮೇಲೆ ಬೆರಳಿಟ್ಟರು. ಫೋಟೋ ತೊಳೆಯುವ ಔಷಧದ ನೀರಿಗೆ ಕಪ್ಪಾದ ಉಗುರು...

"ಈ ಕೈ ಅವರದ ನೋಡವಾ. ಮಸಕ ಇದ್ರ ಇರ್ಲಿ. ಅವರ ಮುಖಾನ ಐತಲ್ಲ, ನನಗಷ್ಟ ಸಾಕು."

ನನಗೂ ಅಷ್ಟೇ ಸಾಕಿತ್ತು, ನಿಮ್ಮ ಗಂಡ ಬಿಡಲಿಲ್ಲ ಎಂದು ಕೂಗಬೇಕೆನಿಸಿತು. ಅವರು ಅಳುತ್ತಿದ್ದರು. ಕೊಟ್ಟ ಚಹಾ ಕುಡಿದು ಎದ್ದೆ.

ಅವರ ಪಡಸಾಲೆಯಲ್ಲಿ ಗುರುಗಳು ಈಗ ಫೋಕಸ್ಸಿಲ್ಲದ ಮುಖದಲ್ಲಿ ಗೋಡೆಯ ಮೇಲಿದ್ದಾರೆ, ಹಾರ ಹಾಕಿಸಿಕೊಂಡು. ನಮ್ಮ ಮನೆಯಲ್ಲಿ ಅಪ್ಪ ಹೊಡೆದ ಮೊಳೆಗೆ ಪ್ರತಿ ವರ್ಷ ಹೊಸ ಕ್ಯಾಲೆಂಡರ್ ಬರುತ್ತದೆ. ಅಜ್ಜಿಯ ಮುಖ ನನಗೂ ಈಗ ಸರಿಯಾಗಿ ನೆನಪಾಗುವುದಿಲ್ಲ.