ಮಸಿನಗುಡಿಯ ಎರಡನೆಯ ಪಟಾಕಿ

ಬೆಳಿಗ್ಗೆ ಮಸಿನಗುಡಿಯ ಚಹಾದಂಗಡಿಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಹೊಲದ ಕಡೆ ಏನೋ ಢಂ ಎಂದು ಸಿಡಿಯಿತು. ಮರುಗಳಿಗೆ ನಾನು ಬೆಂಚಿನ ಕೆಳಗಿದ್ದೆ.

“ಆನೆ ಓಡ್ಸೋ ಪಟಾಕಿ ಕಣಮ್ಮ,” ಎಂದು ಅಂಗಡಿಯ ಅಜ್ಜಿ ನಕ್ಕರು. “ಆನೆನೂ ಇಷ್ಟು ಬೇಗ ಓಡಲ್ಲ!”

ನಾನು ಡಾಕ್ಟರಿಕೆ ಓದುವುದು ಅರ್ಮೇನಿಯಾದ ಯೆರೆವಾನಿನಲ್ಲಿ. ಹೋದ ತಿಂಗಳು, ೧೯೯೯ರ ಅಕ್ಟೋಬರಿನಲ್ಲಿ, ಅಲ್ಲಿನ ಪಾರ್ಲಿಮೆಂಟಿನ ಹೊರಗೆ ಹೋಗುತ್ತಿದ್ದಾಗ ಇದೇ ಸದ್ದು ಕೇಳಿದ್ದೆ. ನೆರೆದೇಶದೊಡನೆ ನಡೆದ ಯುದ್ಧದಿಂದ ಜೀವಂತವಾಗಿ ಮರಳಿ ಪ್ರಧಾನಿಯಾಗಿದ್ದ ದಳಪತಿಯನ್ನು ಬಂದೂಕುಧಾರಿಗಳು ಸಭೆಯೊಳಗೇ ಗುಂಡಿಕ್ಕಿ ಕೊಂದಿದ್ದರು. ಅವನ ಕೈಕೆಳಗೆ ಕಾದಾಡಿದ್ದ ನನ್ನ ಮನೆಮಾಲೀಕ ಮತ್ತೆ ಕಾದಾಟಕ್ಕೆ ಕರೆ ಬಂದೀತೆಂದು ಆ ರಾತ್ರಿಯಿಡೀ ಬೂಟು ಬಿಚ್ಚಲಿಲ್ಲ. ಪರೀಕ್ಷೆಗೆಂದು ಈ ವಾರವೇ ನಾನು ಅಲ್ಲಿಗೆ ಮರಳಬೇಕು.

ಅಜ್ಜಿ ಹೊಲದತ್ತ ಕೂಗಿದರು: “ಇನ್ನೂ ಐತೇನ್ರೋ?”

“ಒಂದೈತೆ!”

“ಕಿವಿ ಮುಚ್ಕೋ, ತಾಯಿ.”

ಮುಚ್ಚಿಕೊಂಡೆ. ಬಸ್ಸು ಬಂದು ನಿಂತಿತು. ಪಟಾಕಿ ಇನ್ನೂ ಸಿಡಿದಿರಲಿಲ್ಲ. ಚೀಲ ಎತ್ತಲು ಕಿವಿಯಿಂದ ಕೈ ತೆಗೆಯಬೇಕಿತ್ತು.