ಅಪ್ಪನ ಬಲಗೈ, ನನ್ನ ಎಡಗೈ

ನಾನು ಚಿಕ್ಕವಳಿದ್ದಾಗ ನಾವು ಯಲ್ಲಾಪುರದಲ್ಲಿದ್ದೆವು. ಅಪ್ಪ ಕಾಡಿನಿಂದ ಮರದ ದಿಮ್ಮಿ ಸಾಗಿಸುವ ಲಾರಿ ಓಡಿಸುತ್ತಿದ್ದರು. ನಮ್ಮ ಓಣಿಯಲ್ಲಿ ಗಿಟಾರ್ ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ. ಕಾರವಾರದ ಗೆಳೆಯನೊಬ್ಬ ಹಡಗಿನ ಕೆಲಸಕ್ಕೆ ಹೋಗುವಾಗ ಅದನ್ನು ಅಪ್ಪನಿಗೆ ಕೊಟ್ಟು, ಬೆರಳಿಡುವ ಕೆಲವು ಹಿಡಿತಗಳನ್ನೂ ಕಲಿಸಿ ಹೋಗಿದ್ದ. ಸಂಜೆ ಅಪ್ಪ ನುಡಿಸಿದರೆ ಅಕ್ಕ ಹಾಡುವಳು. ನಾನು ಕೇಳುತ್ತಲೇ ನಿದ್ದೆ ಹೋಗುತ್ತಿದ್ದೆ.

ಆ ವರ್ಷ ಅಕ್ಕನ ಮದುವೆ ಗೊತ್ತಾಗಿತ್ತು. ಶಾಲೆಯ ವಾರ್ಷಿಕ ಗ್ಯಾದರಿಂಗಿನಲ್ಲಿ ಅವಳು ಹಾಡುವುದು ಅದೇ ಕೊನೆ. ಅಪ್ಪ ಜೊತೆಗೆ ನುಡಿಸುತ್ತಾರೆಂದು ಮಾಸ್ತರರಿಗೆ ಹೇಳಿಯೂ ಆಗಿತ್ತು. ಅಷ್ಟರಲ್ಲಿ ಲಾರಿಯ ಸರಪಳಿ ಜಾರಿ, ದಿಮ್ಮಿಗಳ ನಡುವೆ ಅಪ್ಪನ ಎಡಗೈ ಸಿಕ್ಕಿಕೊಂಡಿತು. ನಾಟಿ ವೈದ್ಯರು ಬೆರಳುಗಳಿಗೆ ಬಿದಿರಿನ ಸೀಳು ಕಟ್ಟಿ, ಮದ್ದು ಮೆತ್ತಿ, ಬಟ್ಟೆ ಸುತ್ತಿದರು. ಮನೆಯೆಲ್ಲ ಆ ಮದ್ದಿನ ಕಹಿ ವಾಸನೆ.

ಗ್ಯಾದರಿಂಗಿನ ದಿನ ಬೆಳಿಗ್ಗೆ ಅಕ್ಕ, "ನಾ ಹಾಡೂದಿಲ್ಲ ಅಂತ ಹೇಳಿ ಬರ್ತೇನಿ" ಎಂದಳು.

ಅಪ್ಪ ನನ್ನನ್ನು ಕರೆದು ತಮ್ಮ ಮುಂದೆ ಕೂರಿಸಿಕೊಂಡು, ಗಿಟಾರನ್ನು ನನ್ನ ತೊಡೆಯ ಮೇಲಿಟ್ಟರು. "ನೀ ತಂತಿ ಹಿಡಿ. ನಾ ಮೀಟ್ತೇನಿ."

ಹಾಡಿಗೆ ಬೇಕಾದದ್ದು ಎರಡೇ ಹಿಡಿತ. ಮೊದಲನೆಯದು ನಡುಬೆರಳು, ಉಂಗುರಬೆರಳಿನಿಂದ ಹೇಗೋ ಬಂತು. ಎರಡನೆಯದಕ್ಕೆ ಒಂದು ಬೆರಳು ಮೇಲಿನ ದಪ್ಪ ತಂತಿಯ ಮೇಲಿರಬೇಕು, ಇನ್ನೊಂದು ಕೆಳಗಿನ ತೆಳು ತಂತಿಯ ಮೇಲೆ. ಒಂದನ್ನು ಒತ್ತಿದರೆ ಇನ್ನೊಂದು ಜಾರುತ್ತಿತ್ತು. ಉಕ್ಕಿನ ತಂತಿ ಚರ್ಮದಲ್ಲಿ ಗೀರು ಮೂಡಿಸಿತು. ಬೆರಳಿಗೆಲ್ಲ ತುಕ್ಕಿನ ವಾಸನೆ ಹತ್ತಿತು. ಅಪ್ಪ ನನ್ನ ಮೊಣಕೈ ಒಳಗೆ ತಂದರು, ಗಿಟಾರನ್ನು ಮೇಲೆತ್ತಿದರು. ಅವರಿಗೆ ಗೊತ್ತಿದ್ದದ್ದು ತಾವು ಕಲಿತ ಒಂದೇ ಕ್ರಮ.

"ಮುಟ್ಟವಲ್ದು ಅಪ್ಪಾ" ಎಂದು ನಾನು ಅತ್ತೆ.

ನನ್ನ ಕೈಯನ್ನೇ ನೋಡುತ್ತಿದ್ದ ಅಕ್ಕ, "ತೋರಬೆರಳು ಸುಮ್ನ ನಿಂತೈತಿ. ಮೊದಲನೇದಕ್ಕ ಅದನ್ನ, ನಡುಬೆರಳನ್ನ ಇಟ್ರ ಉಂಗುರಬೆರಳು ಖಾಲಿ ಉಳೀತೈತಲ್ಲ?" ಎಂದಳು.

"ನನಗ ಹಂಗ ಕಲಿಸಿಲ್ಲ," ಎಂದರು ಅಪ್ಪ. ಆಮೇಲೆ ನನ್ನ ಬೆರಳುಗಳತ್ತ ಬಾಗಿ, "ಇಡು, ನೋಡೂಣು" ಎಂದರು.

ಹಾಗೆ ಇಟ್ಟಾಗ ಉಂಗುರಬೆರಳು ತೆಳು ತಂತಿಯ ಹತ್ತಿರವೇ ಉಳಿಯಿತು. ಎರಡನೆಯ ಹಿಡಿತಕ್ಕೆ ಅದೊಂದೇ ತಂತಿ ಒತ್ತಿದೆ. ದಪ್ಪ ತಂತಿಗಳನ್ನು ಅಪ್ಪ ಮೀಟದೆ ಬಿಟ್ಟರು. ಸಣ್ಣದಾದರೂ ಸರಿಯಾದ ನಾದ ಬಂತು. ಅಕ್ಕ ಮೆಲ್ಲಗೆ ಹಾಡತೊಡಗಿದಳು.

ಸಂಜೆ ಗ್ಯಾಸಲೈಟಿನ ಭರ್ರೆನ್ನುವ ಸದ್ದು, ಮೈ ಕೊರೆಯುವ ಚಳಿ. ವೇದಿಕೆಯ ಮೇಲೆ ನನ್ನ ಬೆರಳು ಮರಗಟ್ಟಿ, ಎಲ್ಲಿದೆಯೆಂದೇ ತಿಳಿಯಲಿಲ್ಲ. ಪ್ರತಿ ಸಾಲಿನಲ್ಲೂ ನಾನು ಹಿಂದೆ ಬಿದ್ದೆ. ಮುಂದೆ ಕೂತ ಹುಡುಗರು ನಕ್ಕರು. ಅಪ್ಪನ ಬಲಗೈ ತಂತಿಯ ಮೇಲೆ ಕಾಯುತ್ತಿತ್ತು. ಅಕ್ಕ ಸಾಲಿನ ಕೊನೆಯ ಸ್ವರವನ್ನು ಎಳೆದು, ನನ್ನ ಬೆರಳು ಕೂತ ಮೇಲೆ ಮುಂದಿನ ಸಾಲು ಹಿಡಿಯುತ್ತಿದ್ದಳು. ಹಾಡು ಹಾಗೆಯೇ ಮುಗಿಯಿತು.

ಅಕ್ಕ ಗಂಡನ ಮನೆಗೆ ಹೋದ ಮೇಲೆ ಅಪ್ಪನ ಕಟ್ಟು ಬಿಚ್ಚಿದರು. ಎರಡು ಬೆರಳು ಮಡಚಲೇ ಇಲ್ಲ. ಈ ಸಲ ನಾನು ಅವರ ಎದುರು ಕೂತು ಉಳಿದ ಬೆರಳುಗಳಿಗೆ ಜಾಗ ಹುಡುಕಿದೆ. ಕಿರುಬೆರಳನ್ನು ಇಲ್ಲಿಟ್ಟೆ, ಅಲ್ಲಿಟ್ಟೆ. ಎಲ್ಲಿಟ್ಟರೂ ಆ ಸೆಟೆದ ಬೆರಳುಗಳು ಬೇರೆ ತಂತಿಗೆ ತಾಗಿ ನಾದ ಸಾಯುತ್ತಿತ್ತು. ನೋವಿಗೆ ಅಪ್ಪನ ಹಣೆ ಬೆವರಿತು.

"ಸಾಕ ಬಿಡವ್ವ," ಎಂದರು.

ಈಗಿನ ಮಕ್ಕಳೇ, ನಿಮ್ಮ ಕೈಗೆ ಪೆಟ್ಟಾದರೆ ಎಕ್ಸ್‌ರೇ ಇದೆ, ಬೆರಳಿಗೆ ವ್ಯಾಯಾಮ ಮಾಡಿಸುವವರಿದ್ದಾರೆ. ಒಂದೇ ಹಿಡಿತವನ್ನು ಹತ್ತಾರು ಬಗೆಯಲ್ಲಿ ತೋರಿಸುವ ಫೋನಿದೆ. ಮೊನ್ನೆ ಮೊಮ್ಮಗಳು ಬೆರಳು ಎಟುಕದೆ ಸಿಡುಕಿ ಗಿಟಾರ್ ಬದಿಗಿಟ್ಟಳು. ಫೋನ್ ನೋಡಿ, ತನಗೆ ಒಗ್ಗುವ ಹಿಡಿತವೊಂದನ್ನು ಹುಡುಕಿಕೊಂಡು ಮತ್ತೆ ನುಡಿಸಿದಳು. "ಏನಜ್ಜಿ, ಹಂಗ್ಯಾಕ ನೋಡ್ತೀ?" ಎಂದು ಕೇಳಿದಳು. ನಾನು ಅವಳ ಎಡಗೈ ಹಿಡಿದು, ಒಂದೊಂದೇ ಬೆರಳನ್ನು ಮಡಚಿ ಬಿಡಿಸಿದೆ.