ಗಿರಣಿಯ ಮೊದಲ ಹಿಡಿ

ಘಾಟಮ್ಮ ಬಸ್ಸು ಹತ್ತಿದರೆ ಪಕ್ಕದ ಸೀಟು ತಾನಾಗಿ ಖಾಲಿಯಾಗುತ್ತಿತ್ತು. ಬಟ್ಟೆಯನ್ನು ಎಷ್ಟು ಒಗೆದರೂ ಮೆಣಸಿನಕಾಯಿಯ ಘಾಟು ಬಿಡುತ್ತಿರಲಿಲ್ಲ. "ಒಳ್ಳೇದೇ ಆಯ್ತು, ಕಾಲು ಚಾಚಿ ಕೂತ್ಕೋಬಹುದು" ಎಂದು ಆಕೆ ನಗುತ್ತಿದ್ದಳು. ಹೆತ್ತವರು ಇಟ್ಟ ಹೆಸರು ಬೀದಿಗೆ ಮರೆತೇ ಹೋಗಿತ್ತು. ಪುಡಿ ಗಿರಣಿಯ ಘಾಟಮ್ಮ ಎಂದರೆ ಮಾತ್ರ ಚಿಕ್ಕ ಮಕ್ಕಳೂ ದಾರಿ ತೋರಿಸುತ್ತಿದ್ದರು.

ಗಿರಣಿ ಇದ್ದದ್ದು ದರ್ಜಿಯ ಅಂಗಡಿಗೂ ತರಕಾರಿ ಅಂಗಡಿಗೂ ನಡುವಿನ ಒಂದೇ ಕೋಣೆಯಲ್ಲಿ. ಗೋಡೆ ಒಂದು ಕಡೆ ಅರಿಸಿನದಿಂದ ಹಳದಿ, ಇನ್ನೊಂದು ಕಡೆ ಖಾರದಿಂದ ಕೆಂಪು. ಸುಣ್ಣ ಬಳಿಸಿದರೂ ತಿಂಗಳೊಳಗೆ ಮತ್ತೆ ಅದೇ ಬಣ್ಣ. ಮದುವೆಯಾಗಿ ಬಂದಾಗ ಅತ್ತೆ ಮೊದಲು ಕಲಿಸಿದ್ದು ಮೊದಲ ಹಿಡಿಯ ವಿಷಯ. ಒಬ್ಬರ ಮೆಣಸಿನಕಾಯಿ ಬೀಸಿದ ಮೇಲೆ ಇನ್ನೊಬ್ಬರ ಚಕ್ಕೆ ಬಂತೆನ್ನಿ. ಕಲ್ಲಿನ ಸಂದಿಯಲ್ಲಿ ಕೂತ ಖಾರ ಚಕ್ಕೆಯ ಜೊತೆ ಇಳಿದುಬಿಡುತ್ತದೆ. ಅದಕ್ಕೇ ಪದಾರ್ಥ ಬದಲಾದಾಗಲೆಲ್ಲ ಮೊದಲು ಬೀಳುವ ಒಂದು ಹಿಡಿಯನ್ನು ಬೇರೆ ಡಬ್ಬಿಗೆ ಹಿಡಿದು, ಆಮೇಲೆ ಗಿರಾಕಿಯ ಚೀಲ ಕಟ್ಟಬೇಕು. ಆ ಹಿಡಿ ಗಿರಣಿಯದು. ಇದಕ್ಕೆ ಬೀದಿಯಲ್ಲಿ ಯಾರೂ ತಕರಾರು ತೆಗೆದವರಲ್ಲ.

ಡಬ್ಬಿಯಲ್ಲಿ ಸೇರಿದ ಹತ್ತು ಮನೆಯ ಪುಡಿಯಿಂದಲೇ ಇವರ ಮನೆಯ ಅಡುಗೆ ನಡೆಯುತ್ತಿತ್ತು. ಗಂಡ ಬದುಕಿದ್ದಾಗ ತಟ್ಟೆಯ ಮುಂದೆ ಕೂತು, "ಇವತ್ತು ಯಾರ ಮನೆ ರುಚಿನೇ?" ಎಂದು ಕೇಳುತ್ತಿದ್ದ.

ಈಗ ಆ ಡಬ್ಬಿ ತುಂಬುವುದು ನಿಧಾನವಾಗಿತ್ತು. ಬೀದಿಯ ಕೊನೆಯ ಅಂಗಡಿಯಲ್ಲಿ ಬಣ್ಣಬಣ್ಣದ ಪ್ಯಾಕೆಟ್ಟುಗಳು ತೋರಣದ ಹಾಗೆ ನೇತಾಡುತ್ತಿದ್ದವು. ಕತ್ತರಿಸಿ ಸುರಿದರೆ ಮುಗಿಯಿತು. ಕಾಳು ಆರಿಸಿ, ಒಣಗಿಸಿ, ಹುರಿದು ಗಿರಣಿಗೆ ತರುವಷ್ಟು ಪುರುಸೊತ್ತು ಯಾರಿಗಿದೆ?

ಒಂದು ಬೆಳಿಗ್ಗೆ ಮೈದುನ ಬಾಗಿಲಲ್ಲಿ ನಿಂತ. ಯಂತ್ರ ಘಾಟಮ್ಮನದು, ಕೋಣೆ ಅವನ ಪಾಲಿನದು.

"ಅತ್ತಿಗೆ, ಜನ ಮಸಾಲೆ ತಿನ್ನೋದೇ ಕಮ್ಮಿ ಮಾಡಿದಾರೆ. ಈ ತಿಂಗಳು ಕಳೀಲಿ, ಯಂತ್ರನ ಯಾರಿಗಾದ್ರೂ ಕೊಟ್ಬಿಡೋಣ. ಮೊಬೈಲ್ ರಿಪೇರಿಯವನು ಕೋಣೆ ಕೇಳ್ತಿದಾನೆ."

"ಯಾಕಪ್ಪ, ಜನ ನಾಲಿಗೆ ಕಿತ್ತಿಟ್ರಾ?"

"ತಮಾಷೆ ಬೇಡ. ಇಷ್ಟು ವರ್ಷ ದುಡಿದಿದೀರಿ, ಮನೇಲಿ ಆರಾಮಾಗಿ ಇರಿ."

ಮೈದುನ ಕೆಟ್ಟವನಲ್ಲ. ಮನಸ್ಸಿನಿಂದಲೇ ಹೇಳಿದ್ದ. ಆದರೆ ಆ ಆರಾಮು ಎಂಥದ್ದೆಂದು ಘಾಟಮ್ಮನಿಗೆ ಗೊತ್ತಿತ್ತು. ಗಿರಣಿ ಹೋದರೆ ಓರಗಿತ್ತಿಯ ಅಡುಗೆಮನೆಯ ಮೂಲೆಯಲ್ಲಿ ಕೂತು, ಯಾರೋ ಕಾಫಿ ಲೋಟ ಚಾಚುವವರೆಗೆ ಕಾಯುವುದು. ಇಲ್ಲಿ ಆಕೆ ಒಬ್ಬ ಮನುಷ್ಯಳು. ಅಲ್ಲಿ ಒಂದು ಗಂಟುಮೂಟೆ.

ಮರುದಿನ ಮೆಣಸಿನಕಾಯಿ ತರಲು ಮಂಡಿಗೆ ಹೋದಾಗ, ಮೂಟೆ ಇಳಿಸುತ್ತಿದ್ದ ಹಳೆಯ ಪರಿಚಯದ ಹಮಾಲಿಗೆ ಈ ಮಾತು ಹೇಳಿದಳು.

"ಕಮ್ಮಿನಾ?" ಹಮಾಲಿ ಬೆನ್ನು ನೆಟ್ಟಗೆ ಮಾಡಿದ. "ಯಾರಮ್ಮ ಹಾಗಂದೋರು? ನನ್ನ ಬೆನ್ನನ್ನ ಕೇಳಿ ನೋಡಿ! ಮುಂಚೆ ಲವಂಗ ಅಂದ್ರೆ ಸಾಹುಕಾರ್ರು ಕಂಕುಳಲ್ಲಿ ಇಟ್ಕೊಂಡು ಬರೋರು, ನಮ್ಮ ಕೈಗೂ ಕೊಡ್ತಿರಲಿಲ್ಲ. ಈಗ ಮೂಟೆ ಮೂಟೆ. ಇಲ್ಲಿ ಬೆಳೆದದ್ದು ಸಾಲ್ದೆ ಹಡಗಲ್ಲೂ ಬರ್ತಿದೆ. ತಿನ್ನೋ ಬಾಯೇನು ಕಮ್ಮಿಯಾಗಿಲ್ಲ."

"ಮತ್ತೆ ನನ್ನ ಗಿರಣಿಗೆ ಯಾಕೆ ಬರ್ತಿಲ್ಲ?"

"ಜನ ಮನೇಲಿ ಉಣ್ತಾರಾ ಈಗ? ಹಾಸ್ಟೆಲು, ಆಸ್ಪತ್ರೆ ಕ್ಯಾಂಟೀನು, ಕಾರ್ಖಾನೆ ಕ್ಯಾಂಟೀನು. ಮಾಲೆಲ್ಲ ಪುಡಿ ಕಂಪನಿಗೆ ಹೋಗುತ್ತೆ, ಅಲ್ಲಿಂದ ದೊಡ್ಡ ದೊಡ್ಡ ಪ್ಯಾಕೆಟ್ಟಾಗಿ ಅವರಿಗೆ. ನೀವು ಮನೆ ಬಾಗಿಲು ನೋಡ್ಕೊಂಡು ಕೂತಿದೀರಿ."

ಈ ಮಾತು ದಾರಿಯುದ್ದಕ್ಕೂ ಆಕೆಯ ತಲೆಯಲ್ಲಿ ಗಿರಣಿಯ ಹಾಗೆ ತಿರುಗಿತು. ಮನೆಗೆ ಹೋಗದೆ ನೇರವಾಗಿ ಹಿಂದಿನ ಬೀದಿಯ ಹಾಸ್ಟೆಲಿನ ಅಡುಗೆಮನೆಗೆ ನಡೆದಳು.

ಅಲ್ಲಿನ ಅಡುಗೆಯವನು ಭಾರಿ ಆಳು. ಹೆಗಲ ಮೇಲಿನ ಟವೆಲಿನಿಂದ ಬೆವರೊರೆಸಿಕೊಂಡು, "ಪುಡಿ ಅಂದ್ರೆ ಪುಡಿ, ಯಾರು ಬೀಸಿದ್ರೇನಮ್ಮ?" ಎಂದ. ಆಕೆ ಕದಲದೆ ನಿಂತದ್ದನ್ನು ಕಂಡು, "ಆಯ್ತು, ಒಂದು ಡಬ್ಬಿ ಕೊತ್ತಂಬರಿ ಪುಡಿ ಕಳಿಸಿ, ನೋಡೋಣ" ಎಂದ.

ಘಾಟಮ್ಮ ಕೊತ್ತಂಬರಿ ಬೀಜವನ್ನು ಹದವಾಗಿ ಹುರಿದು, ಬೀಸಿ, ಡಬ್ಬಿಗೆ ತುಂಬಿ ಗೂಡಿನಲ್ಲಿ ಇಟ್ಟಳು. ಬೆಳಿಗ್ಗೆ ಓರಗಿತ್ತಿ, "ನಾನು ಆ ಕಡೆ ಹೋಗ್ತಿದೀನಿ, ಕೊಟ್ಟು ಬರ್ತೀನಿ ಅಕ್ಕ" ಎಂದು ಡಬ್ಬಿ ಎತ್ತಿಕೊಂಡು ಹೋದಳು.

ಸಂಜೆ ಅಡುಗೆಯವನೇ ಗಿರಣಿಗೆ ಬಂದ. ಮುಖ ಅರಳಿತ್ತು.

"ಏನಮ್ಮ ಅದು! ಹುಡುಗ್ರು ಪಾತ್ರೆ ಕೆರೆದು ತಿಂದ್ರು! ಸಾರು ಸಾಕಾಗ್ಲಿಲ್ಲ. ಅದೇ ಪುಡಿ ಒಂದು ಚೀಲ ಬೇಕು, ಅದೇ!"

ಘಾಟಮ್ಮ ಗೂಡಿನ ಕಡೆ ನೋಡಿದಳು. ಕೊತ್ತಂಬರಿ ಡಬ್ಬಿ ಇಟ್ಟಲ್ಲೇ ಇತ್ತು. ಹೋದದ್ದು ಅದರ ಪಕ್ಕದಲ್ಲಿದ್ದ ಮೊದಲ ಹಿಡಿಯ ಡಬ್ಬಿ! ಹೂಂ ಎಂದಳೋ ಊಹೂಂ ಎಂದಳೋ ಆಕೆಗೇ ತಿಳಿಯಲಿಲ್ಲ, ಅಡುಗೆಯವನು ಖುಷಿಯಾಗಿ ಹೊರಟುಹೋದ.

"ಏನೋ ಒಂದು ಬೆರೆಸಿ ಕೊಟ್ಬಿಡಿ ಅಕ್ಕ, ಅವನಿಗೇನು ಗೊತ್ತಾಗುತ್ತೆ" ಎಂದಳು ಓರಗಿತ್ತಿ, ತನ್ನ ತಪ್ಪಿಗೆ ನಾಲಿಗೆ ಕಚ್ಚಿಕೊಂಡು.

ಘಾಟಮ್ಮ ಬೆರೆಸಿಯೂ ನೋಡಿದಳು. ಕೊತ್ತಂಬರಿಗೆ ಜೀರಿಗೆ, ಅದಕ್ಕೆ ಸ್ವಲ್ಪ ಕಾಳುಮೆಣಸು, ಚಿಟಿಕೆ ಚಕ್ಕೆ. ವಾಸನೆ ಹತ್ತಿರ ಬರುತ್ತಿತ್ತು, ಕೈಗೆ ಸಿಗುತ್ತಿರಲಿಲ್ಲ. ಸಿಗುವುದಾದರೂ ಹೇಗೆ? ಆ ಡಬ್ಬಿಯಲ್ಲಿ ದರ್ಜಿಯ ಹೆಂಡತಿ ಸೀಯಿಸಿ ತಂದ ಮೆಂತ್ಯ ಇತ್ತು, ಟೀಚರಮ್ಮನ ಹಳೆಯ ಮೆಣಸು ಇತ್ತು, ಇನ್ನು ಯಾರ್ಯಾರದೋ ಏನೇನೋ ಇತ್ತು. ಸುಳ್ಳು ಹೇಳಿ ಒಂದು ಚೀಲ ಕೊಡಬಹುದು. ಎರಡನೆಯ ಚೀಲಕ್ಕೆ ಅವನು ಬರಬೇಕಲ್ಲ.

ಕೊತ್ತಂಬರಿ ಡಬ್ಬಿ ಹಿಡಿದು ಹಾಸ್ಟೆಲಿಗೆ ಹೋಗಿ, ನಡೆದದ್ದನ್ನು ನಡೆದ ಹಾಗೇ ಹೇಳಿದಳು. ಅಡುಗೆಯವನ ಸೌಟು ಪಾತ್ರೆಯಲ್ಲೇ ನಿಂತಿತು.

"ಅಂದ್ರೆ, ಬೀದಿಯವರು ಬಿಟ್ಟದ್ದನ್ನ ನನ್ನ ಪಾತ್ರೆಗೆ ಹಾಕ್ಸಿದ್ರಾ?"

"ಬಿಟ್ಟದ್ದಲ್ಲಪ್ಪ. ಕಲ್ಲಿಂದ ನೇರ ಡಬ್ಬಿಗೆ ಬಿದ್ದದ್ದು, ನಮ್ಮನೇಲಿ ನಾವೂ ಅದನ್ನೇ ಉಣ್ಣೋದು. ಆದ್ರೆ ನೀವು ಕೇಳಿದ್ದು ಅದಲ್ಲ, ತಪ್ಪು ನಮ್ಮದೇ. ನೀವು ಕೇಳಿದ್ದು ಇದು. ಅದನ್ನ ಮತ್ತೆ ಮಾಡೋಕೆ ನನ್ನಿಂದಾಗಲ್ಲ."

ಅಡುಗೆಯವನು ಡಬ್ಬಿ ತೆರೆದ. ಒಂದು ಅಂಗೈಗೆ ಇದನ್ನೂ ಇನ್ನೊಂದಕ್ಕೆ ತನ್ನ ಪ್ಯಾಕೆಟ್ಟಿನ ಪುಡಿಯನ್ನೂ ಸುರಿದುಕೊಂಡು, ಮೂಗನ್ನು ಅತ್ತಿಂದಿತ್ತ ತಿರುಗಿಸಿದ. ಪ್ಯಾಕೆಟ್ಟಿನದನ್ನು ಮತ್ತೊಮ್ಮೆ ಮೂಸಿ, ಅಂಗೈ ಕೊಡವಿದ.

"ಹುಡುಗ್ರು ಪಾತ್ರೆ ಕೆರೆದದ್ದು ನಿಮ್ಮ ಮೆಂತ್ಯಕ್ಕೋ ಮೆಣಸಿಗೋ ಅಲ್ಲ ಬಿಡಿ. ಹೊಸದಾಗಿ ಬೀಸಿದ್ದಕ್ಕೆ. ಇಲ್ಲಿಗೆ ಬರೋ ಪ್ಯಾಕೆಟ್ಟು ಯಾವ ಕಾಲದ್ದೋ." ಮುಖ ಮಾತ್ರ ಇನ್ನೂ ಬಿಗಿದೇ ಇತ್ತು. "ಒಂದು ಮಾತು. ಕಾಳು ನಾನೇ ಮಂಡಿಯಿಂದ ಹಾಕ್ಸ್ತೀನಿ. ನಾನು ಎದುರಿಗೆ ನಿಂತಿರ್ತೀನಿ, ಆಗಲೇ ಬೀಸ್ಬೇಕು."

"ನಿಲ್ಲಿ. ಕಣ್ಣುರಿ ತಡ್ಕೊಳೋದಾದ್ರೆ ನಿಲ್ಲಿ" ಎಂದಳು ಘಾಟಮ್ಮ.

ಎರಡು ಸಲ ನಿಂತ. ಮೂರನೆಯ ಸಲ ಕಾಳಿನ ಮೂಟೆ ಮಾತ್ರ ಬಂತು. ಅವನೇ ಹೇಳಿದನೆಂದು ಆಸ್ಪತ್ರೆ ಕ್ಯಾಂಟೀನಿನ ಹೆಂಗಸೂ ಬಂದಳು. ಅವಳಿಗೆ ಖಾರ ಬೇಡ, ಜೀರಿಗೆ ಮತ್ತು ಕೊತ್ತಂಬರಿ ಮಾತ್ರ. ಅದಕ್ಕೇ ಘಾಟಮ್ಮ ರಾತ್ರಿಯೇ ಕಲ್ಲನ್ನು ಉಜ್ಜಿ ಒರೆಸಿಟ್ಟು, ಆಸ್ಪತ್ರೆಯ ಮಾಲನ್ನು ಬೆಳಿಗ್ಗೆ ಮೊದಲಿಗೂ ಮೆಣಸಿನಕಾಯಿಯನ್ನು ಕೊನೆಗೂ ಇಟ್ಟುಕೊಂಡಳು.

ತಿಂಗಳ ಕೊನೆಗೆ ಮೈದುನ ಮೊಬೈಲ್ ರಿಪೇರಿಯವನನ್ನು ಕರೆದುಕೊಂಡು ಕೋಣೆ ತೋರಿಸಲು ಬಂದ. ಕಾಲಿಡಲು ಜಾಗವಿರಲಿಲ್ಲ. ಮೂಟೆ ದಾಟಿದರೆ ಮೂಟೆ. ಗಿರಣಿಯ ಸದ್ದಿನಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳಿಸದು. ರಿಪೇರಿಯವನು ಬಾಗಿಲಲ್ಲೇ ನಿಂತು ನೋಡಿ, ಬೇಡವೆಂದು ಕೈಸನ್ನೆ ಮಾಡಿ ಹೊರಟುಹೋದ.

"ಸುಮ್ನೆ ಯಾಕೆ ನಿಂತೆಯಪ್ಪ? ಚೀಲದ ಬಾಯಿ ಹಿಡ್ಕೋ!" ಘಾಟಮ್ಮ ಕೂಗಿದಳು.

ಮೈದುನ ಹಿಡಿದುಕೊಂಡ. ಬಿಸಿ ಪುಡಿ ಚೀಲಕ್ಕೆ ಇಳಿಯುತ್ತಿತ್ತು. ಅವನು ಆಕೆಯ ಕಿವಿಯ ಹತ್ತಿರ ಬಾಗಿ, "ಮುಂದಿನ ತಿಂಗಳೂ ಹೀಗೇ ಇರುತ್ತಾ ಅತ್ತಿಗೆ?" ಎಂದು ಕೇಳಿದ.

"ಹಾಸ್ಟೆಲಿಗೆ ರಜ ಬಂದಾಗ ಕಮ್ಮಿ ಆಗುತ್ತೆ. ಆಸ್ಪತ್ರೆಗೆ ರಜ ಇಲ್ವಲ್ಲ. ಇನ್ನೂ ಕಾರ್ಖಾನೆ ಕ್ಯಾಂಟೀನಿಗೆ ನಾನು ಹೋಗೇ ಇಲ್ಲ."

ಮೈದುನ ತಲೆಯೆತ್ತಿ, ಯಂತ್ರದಲ್ಲಿ ತಿರುಗುತ್ತಿದ್ದ ಬೆಲ್ಟನ್ನು ನೋಡಿದ. ಆಮೇಲೆ, "ಈ ಬೆಲ್ಟು ಪೂರ್ತಿ ಸವೆದಿದೆ ಅತ್ತಿಗೆ. ನಾಳೆ ಹೊಸದು ತರ್ತೀನಿ" ಎಂದ.